ಜರ್ಮನಿಯಲ್ಲಿ ಸಂಸಾರ ಮುರಿದರೆ ವಾಸದ ಹಕ್ಕು ಏನಾಗುತ್ತದೆ?

ಪ್ರಶ್ನೆ: ಮದುವೆಯಾಗಿ ಗಂಡನ ಜೊತೆ ಮ್ಯೂನಿಕ್‌ನಲ್ಲಿ ಸಂಸಾರ ಶುರುಮಾಡಿ ಎರಡು ವರ್ಷ ಏಳು ತಿಂಗಳಾಯಿತು. ಅವರದ್ದು ಬ್ಲೂ ಕಾರ್ಡ್ (ಒಳ್ಳೆಯ ಸಂಬಳದ ಪದವೀಧರರಿಗೆ ಕೊಡುವ ವಾಸದ ಪರ್ಮಿಟ್), ನನ್ನದು ಪತ್ನಿ ಎಂಬ ಕಾರಣಕ್ಕೆ ಕೊಟ್ಟ ಪರ್ಮಿಟ್. ಅದರ ಅವಧಿ ಇನ್ನೂ ಹದಿನಾಲ್ಕು ತಿಂಗಳಿದೆ. ಮೂರು ವಾರದಿಂದ ಅವರು ಸ್ನೇಹಿತರ ಮನೆಯಲ್ಲಿದ್ದಾರೆ. ಡಿವೋರ್ಸ್‌ಗೆ ಹಾಕುತ್ತೇನೆ, ನಿನ್ನ ವೀಸಾ ಕ್ಯಾನ್ಸಲ್ ಮಾಡಿಸುತ್ತೇನೆ ಎನ್ನುತ್ತಿದ್ದಾರೆ. ಕೆಲವು ತಿಂಗಳು ಊರಿಗೆ ಬಂದು ಇದ್ದು ಹೋಗು ಎಂದು ಎರಡೂ ಮನೆಯವರ ಒತ್ತಾಯ. ನಾನು ಬಿ.ಇ. ಓದಿದ್ದೇನೆ, ಇಲ್ಲಿ ಮಿನಿಜಾಬ್, ಅಂದರೆ ಕಡಿಮೆ ಸಂಬಳದ ಸಣ್ಣ ಕೆಲಸ ಮಾಡುತ್ತಿದ್ದೇನೆ, ಮಕ್ಕಳಿಲ್ಲ. ವಿಚ್ಛೇದನವಾದರೆ ನಾನು ದೇಶ ಬಿಡಲೇಬೇಕೇ?

ಉತ್ತರ: ಬಿಡಲೇಬೇಕು ಎಂದೇನಿಲ್ಲ. ಆದರೆ ನೀವು ವಿಚ್ಛೇದನದ ದಿನಕ್ಕೆ ಹೆದರುತ್ತಿದ್ದೀರಿ, ಜರ್ಮನಿಯ ಕಾನೂನು ನೋಡುವುದು ಬೇರೆ ದಿನವನ್ನು. ನಿಮ್ಮಿಬ್ಬರ ಒಟ್ಟು ಸಂಸಾರ ಎಂದು ನಿಂತಿತು ಎಂಬುದೇ ಅಲ್ಲಿ ಮುಖ್ಯ. ಕೋರ್ಟಿನ ತೀರ್ಪು ಅದಾಗಿ ಒಂದೂವರೆ ವರ್ಷಕ್ಕೆ ಬರಬಹುದು. ವಾಸದ ಹಕ್ಕಿನ ಲೆಕ್ಕ ಅಷ್ಟರೊಳಗೆ ಮುಗಿದಿರುತ್ತದೆ. ತೀರ್ಪು ಬರಲಿ, ಆಮೇಲೆ ನೋಡೋಣ ಎಂದು ಕಾಯುವುದೇ ಇಂಥ ಪ್ರಕರಣಗಳಲ್ಲಿ ದೊಡ್ಡ ನಷ್ಟಕ್ಕೆ ಕಾರಣ.

ಮೊದಲು ಆ ಬೆದರಿಕೆಯ ವಿಚಾರ. ನಿಮ್ಮ ಪರ್ಮಿಟ್ ರದ್ದು ಮಾಡುವ ಅಧಿಕಾರ ಗಂಡನಿಗಿಲ್ಲ. ಅವರು ಮಾಡಬಹುದಾದದ್ದು ಇಷ್ಟೇ: ವಿದೇಶಿಯರ ಕಚೇರಿಗೆ, ಅಂದರೆ ಔಸ್‌ಲೆಂಡರ್‌ಬೆಹೋರ್ಡೆಗೆ, ನಾವು ಬೇರೆಯಾಗಿದ್ದೇವೆ ಎಂದು ಬರೆದು ತಿಳಿಸಬಹುದು. ಹಾಗೆ ತಿಳಿದ ಮಾತ್ರಕ್ಕೆ ಕಾರ್ಡು ಸತ್ತುಹೋಗುವುದಿಲ್ಲ. ವಾಸ ಕಾಯ್ದೆಯ ಕಲಂ 7(2)ರ ಪ್ರಕಾರ, ಪರ್ಮಿಟ್ ಕೊಡಲು ಆಧಾರವಾಗಿದ್ದ ಕಾರಣ ಇಲ್ಲವಾದರೆ ಕಚೇರಿ ಅದರ ಅವಧಿಯನ್ನು ಮೊಟಕುಗೊಳಿಸಬಹುದು. ಅದಕ್ಕೂ ಮೊದಲು ನಿಮ್ಮ ವಿವರಣೆ ಕೇಳಿ ಪತ್ರ ಬರೆಯಬೇಕು, ಉತ್ತರಕ್ಕೆ ಸಮಯ ಕೊಡಬೇಕು. ಆ ಪತ್ರಕ್ಕೆ ಉತ್ತರಿಸದೆ ಬಿಟ್ಟರೆ ಬೆದರಿಕೆ ನಿಜವಾಗುವ ಸಾಧ್ಯತೆ ಹೆಚ್ಚುತ್ತದೆ.

ಈಗ ಮೂರು ವರ್ಷದ ಲೆಕ್ಕ. ಕಲಂ 31 ಹೇಳುವುದು ಹೀಗೆ: ಗಂಡ ಹೆಂಡತಿ ಇಬ್ಬರೂ ಜರ್ಮನಿಯ ನೆಲದಲ್ಲಿ, ಕಾನೂನುಬದ್ಧವಾಗಿ, ಕನಿಷ್ಠ ಮೂರು ವರ್ಷ ಒಟ್ಟಿಗೆ ಸಂಸಾರ ಮಾಡಿದ್ದರೆ, ಆಮೇಲೆ ಬೇರೆಯಾದರೂ ಪತ್ನಿಯ ಅಥವಾ ಪತಿಯ ಪರ್ಮಿಟ್ ಸ್ವತಂತ್ರವಾದ ಹಕ್ಕಾಗಿ ಮಾರ್ಪಟ್ಟು ಒಂದು ವರ್ಷಕ್ಕೆ ಮುಂದುವರಿಯುತ್ತದೆ. ಅದರಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು. ಮದುವೆಯಾಗಿ ಎಷ್ಟು ವರ್ಷವಾಯಿತು ಎಂಬುದು ಲೆಕ್ಕಕ್ಕಿಲ್ಲ, ಮದುವೆಯ ನಂತರ ನೀವು ಊರಲ್ಲಿ ವೀಸಾಕ್ಕೆ ಕಾದ ತಿಂಗಳುಗಳೂ ಸೇರುವುದಿಲ್ಲ. ಇಲ್ಲಿ ಒಂದೇ ಮನೆಯಲ್ಲಿ ಬಾಳ್ವೆ ಆರಂಭವಾದ ದಿನದಿಂದ ಎಣಿಕೆ ಶುರು. ವಿಳಾಸ ನೋಂದಣಿಯ ಚೀಟಿ ಅದಕ್ಕೆ ಒಳ್ಳೆಯ ಪುರಾವೆ. ಕೊನೆಯ ತುದಿಯಲ್ಲಿ ರಿಯಾಯಿತಿಯಿಲ್ಲ. ಕೆಲವೇ ದಿನ ಕಡಿಮೆಯಾದರೂ ಮೂರು ವರ್ಷ ಆಗಿಲ್ಲ ಎಂದೇ ಅರ್ಥ. ಜೊತೆಗೆ, ಅಷ್ಟೂ ಕಾಲ ನಿಮ್ಮ ಗಂಡನ ಪರ್ಮಿಟ್ ಚಾಲ್ತಿಯಲ್ಲಿ ಇದ್ದಿರಬೇಕು.

ನಿಮಗೆ ಇನ್ನೂ ಐದು ತಿಂಗಳು ಬಾಕಿ. ಅವರು ಮನೆ ಬಿಟ್ಟು ಮೂರು ವಾರ. ಹಾಗಾದರೆ ಸಂಸಾರ ನಿಂತೇಹೋಯಿತೇ? ಒಂದೇ ಸೂರಿನ ಕೆಳಗೆ ಇಲ್ಲ ಎನ್ನುವುದರಿಂದಲೇ ಅದು ತೀರ್ಮಾನವಾಗುವುದಿಲ್ಲ. ಕೆಲಸದ ಮೇಲೆ ಬೇರೆ ಊರಲ್ಲಿದ್ದರೂ, ಜಗಳವಾಡಿ ಕೆಲವು ದಿನ ದೂರವಿದ್ದರೂ ಇಬ್ಬರಿಗೂ ಒಟ್ಟಿಗೆ ಬಾಳುವ ಮನಸ್ಸಿದ್ದರೆ ಸಂಸಾರ ಇದೆ ಎಂದೇ ಲೆಕ್ಕ. ಆದರೆ ಇಬ್ಬರಲ್ಲಿ ಒಬ್ಬರು ಇನ್ನು ಮುಗಿಯಿತು ಎಂದು ಖಚಿತವಾಗಿ ತೀರ್ಮಾನಿಸಿ ಹೊರನಡೆದರೆ ಅಂದಿಗೇ ಲೆಕ್ಕ ಮುಚ್ಚುತ್ತದೆ. ನಿಮ್ಮ ವಿಷಯದಲ್ಲಿ ಯಾವುದು ನಿಜ ಎಂಬುದು ನಿಮ್ಮಿಬ್ಬರಿಗೇ ಗೊತ್ತು. ಕೌನ್ಸೆಲಿಂಗ್‌ಗೆ ಹೋಗುತ್ತಿದ್ದರೆ, ವಾಪಸ್ ಬರುವ ಮಾತು ನಡೆಯುತ್ತಿದ್ದರೆ ಅದರ ದಾಖಲೆ ಇಟ್ಟುಕೊಳ್ಳಿ. ಮುಗಿದಿದ್ದರೆ ಮುಗಿದಿದೆ ಎಂದೇ ನಡೆದುಕೊಳ್ಳಿ. ಐದು ತಿಂಗಳು ಹೇಗಾದರೂ ತಳ್ಳೋಣ ಎಂದು, ಇಲ್ಲದ ಸಂಸಾರ ಇದೆ ಎಂದು ಕಚೇರಿಯ ಫಾರ್ಮಿನಲ್ಲಿ ಇಬ್ಬರೂ ಸಹಿ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಬೇಡವೆನ್ನಿ. ಪರ್ಮಿಟ್‌ಗಾಗಿ ಸುಳ್ಳು ಹೇಳುವುದು ಕಲಂ 95ರಡಿ ಶಿಕ್ಷಾರ್ಹ ಅಪರಾಧ. ಮುಂದೆ ಎಂದಾದರೂ ನಿಮ್ಮಿಬ್ಬರಿಗೆ ವೈಮನಸ್ಸು ಬೆಳೆದರೆ ಆ ಸಹಿಯನ್ನೇ ನಿಮ್ಮ ವಿರುದ್ಧ ಬಳಸಲಾಗುತ್ತದೆ.

ಇಲ್ಲಿ ಇನ್ನೊಂದು ಎಡವಟ್ಟು ತುಂಬಾ ಸಾಮಾನ್ಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇರೆಯಾದ ದಿನಾಂಕವನ್ನು ನೀವು ಒಂದಲ್ಲ, ಹಲವು ಕಡೆ ಬರೆದುಕೊಡಬೇಕಾಗುತ್ತದೆ. ವಿಚ್ಛೇದನ ಸಿಗಬೇಕಾದರೆ ಸಾಮಾನ್ಯವಾಗಿ ಒಂದು ವರ್ಷ ಬೇರೆ ಇದ್ದಿರಬೇಕು, ಜರ್ಮನರು ಇದನ್ನು ಟ್ರೆನ್ನುಂಗ್ಸ್‌ಯಾರ್ ಎನ್ನುತ್ತಾರೆ. ಬೇಗ ಮುಗಿಯಲಿ ಎಂಬ ಆಸೆಯಿಂದ ಗಂಡನ ವಕೀಲರು ಅರ್ಜಿಯಲ್ಲಿ ಬೇರೆಯಾದ ದಿನಾಂಕವನ್ನು ನಾಲ್ಕಾರು ತಿಂಗಳು ಹಿಂದಕ್ಕೆ ಹಾಕಬಹುದು. ಒಂದೇ ಮನೆಯಲ್ಲಿದ್ದೂ ಬೇರೆ ಬೇರೆ ಇದ್ದೆವು ಎಂದು ಹೇಳಲು ಕಾನೂನಿನಲ್ಲಿ ಅವಕಾಶವಿದೆ: ಮಲಗುವುದು ಬೇರೆ, ಅಡುಗೆ ಬೇರೆ, ಬಟ್ಟೆ ಒಗೆಯುವುದೂ ಬೇರೆ ಎಂದಾದರೆ ಸಾಕು. ಜಗಳ ಮುಗಿದರೆ ಸಾಕಪ್ಪ ಎಂದು ನೀವು ಅದಕ್ಕೆ ಒಪ್ಪಿ ತಲೆಯಾಡಿಸುತ್ತೀರಿ. ಮರುವರ್ಷ ವಿದೇಶಿಯರ ಕಚೇರಿ ಕೋರ್ಟಿನ ಕಡತ ತರಿಸಿದಾಗ, ನಿಮ್ಮ ಮೂರು ವರ್ಷ ನಿಮ್ಮದೇ ಒಪ್ಪಿಗೆಯಿಂದ ಎರಡೂವರೆ ವರ್ಷವಾಗಿರುತ್ತದೆ. ಟ್ಯಾಕ್ಸ್ ಕಚೇರಿಯಲ್ಲೂ ಇದೇ ಕಥೆ. ಸಂಬಳದ ತೆರಿಗೆಯ ವರ್ಗಗಳಲ್ಲಿ ನೀವು ಕ್ಲಾಸ್ 5, ಗಂಡ ಕ್ಲಾಸ್ 3 ಎಂದಿದ್ದರೆ, ಬೇರೆಯಾದ ವರ್ಷ ಮುಗಿದು ಬರುವ ಜನವರಿ 1ರಿಂದ ಇಬ್ಬರೂ ಕ್ಲಾಸ್ 1ಕ್ಕೆ ಬರಬೇಕು, ಶಾಶ್ವತವಾಗಿ ಬೇರೆಯಾದ ದಿನವನ್ನು ಒಂದು ಫಾರ್ಮಿನಲ್ಲಿ ತಿಳಿಸಬೇಕು. ಹೊಸ ಮನೆಯ ವಿಳಾಸ ನೋಂದಣಿಯಲ್ಲಿ ಮತ್ತೊಂದು ದಿನಾಂಕ ಬೀಳುತ್ತದೆ. ಕೋರ್ಟು, ಟ್ಯಾಕ್ಸ್ ಕಚೇರಿ, ವಿಳಾಸ ನೋಂದಣಿ, ವಿದೇಶಿಯರ ಕಚೇರಿ ಈ ನಾಲ್ಕರಲ್ಲೂ ಒಂದೇ ದಿನಾಂಕ, ಅದೂ ನಿಜವಾದ ದಿನಾಂಕ ಇರಬೇಕು. ನಿಮ್ಮ ಹೆಸರಿನಲ್ಲಿ ಹೋಗುವ ಯಾವುದೇ ಕಾಗದಕ್ಕೆ, ಗಂಡನ ವಕೀಲರು ಕಳಿಸಿದ್ದಕ್ಕಂತೂ, ದಿನಾಂಕ ಓದದೆ ಸಹಿ ಹಾಕಬೇಡಿ.

ಬೇರೆಯಾಗಿ ನಂತರ ರಾಜಿಯಾದರೆ? ವಿಚ್ಛೇದನದ ಕಾನೂನಿನಲ್ಲಿ ಮೂರು ತಿಂಗಳವರೆಗಿನ ರಾಜಿ ಪ್ರಯತ್ನ ಟ್ರೆನ್ನುಂಗ್ಸ್‌ಯಾರ್‌ಗೆ ಅಡ್ಡಿಯಲ್ಲ. ಆದರೆ ವಾಸದ ಹಕ್ಕಿನ ಮೂರು ವರ್ಷ ಸತತವಾಗಿ ಇರಬೇಕು. ಖಚಿತವಾಗಿ ಮುರಿದು ಮತ್ತೆ ಸೇರಿದರೆ ಹಳೆಯ ಕಾಲವನ್ನು ಹೊಸದಕ್ಕೆ ಕೂಡಿಸಲಾಗದು.

ಇನ್ನು ಊರಿಗೆ ಹೋಗುವ ಮಾತು. ಈಗ ಹೋಗಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ತೀರಾ ಅನಿವಾರ್ಯವಾದರೆ ಎರಡು ಮೂರು ವಾರಕ್ಕೆ, ರಿಟರ್ನ್ ಟಿಕೆಟ್ ಕೈಯಲ್ಲಿಟ್ಟುಕೊಂಡೇ ಹೋಗಿ. ಕಲಂ 51ರಲ್ಲಿ ಎರಡು ಬಲೆಗಳಿವೆ. ಆರು ತಿಂಗಳು ಜರ್ಮನಿಯ ಹೊರಗಿದ್ದರೆ ಪರ್ಮಿಟ್ ತಾನಾಗಿ ಅಳಿಯುತ್ತದೆ, ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು: ತಾತ್ಕಾಲಿಕವಲ್ಲದ ಕಾರಣಕ್ಕೆ ದೇಶ ಬಿಟ್ಟರೆ ಆರು ತಿಂಗಳೂ ಬೇಕಿಲ್ಲ, ಹೊರಟ ದಿನವೇ ಅದು ಅಳಿಯುತ್ತದೆ. ನೀವು ವಿಮಾನ ಹತ್ತಿದ ಮೇಲೆ ಗಂಡ ನಿಮ್ಮ ವಿಳಾಸ ನೋಂದಣಿ ರದ್ದು ಮಾಡಿಸಿ, ಅವಳು ಊರಿಗೆ ವಾಪಸ್ ಹೋದಳು ಎಂದು ಬರೆದುಕೊಟ್ಟರೆ, ನಾನು ತಾತ್ಕಾಲಿಕವಾಗಿ ಬಂದವಳು ಎಂದು ಬೆಂಗಳೂರಿನಲ್ಲಿ ಕೂತು ಸಾಬೀತು ಮಾಡುವುದು ಎಷ್ಟು ಕಷ್ಟ ಎಂದು ಯೋಚಿಸಿ. ರಜೆಗೆಂದು ಕರೆದುಕೊಂಡು ಹೋಗಿ, ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ಇಸಿದುಕೊಂಡು ಹೆಂಡತಿಯನ್ನು ತವರಲ್ಲೇ ಬಿಟ್ಟು ಬರುವ ಪ್ರಕರಣಗಳಲ್ಲಿ ನಡೆಯುವುದು ಇದೇ. ಹೋಗಲೇಬೇಕಾದರೆ ಹೊರಡುವ ಮುಂಚೆ ವಿದೇಶಿಯರ ಕಚೇರಿಗೆ ಒಂದು ಇಮೇಲ್ ಕಳಿಸಿ: ಇಂಥ ಕಾರಣಕ್ಕೆ ಹೋಗುತ್ತಿದ್ದೇನೆ, ಇಂಥ ದಿನ ಹಿಂದಿರುಗುತ್ತೇನೆ, ನನ್ನ ವಿಳಾಸ ನೋಂದಣಿ ರದ್ದು ಮಾಡಲು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ಟಿಕೆಟ್ ಪ್ರತಿ ಲಗತ್ತಿಸಿ.

ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್, ಮದುವೆ ಪ್ರಮಾಣಪತ್ರ, ಬಿ.ಇ. ಅಂಕಪಟ್ಟಿ, ವಿಳಾಸ ನೋಂದಣಿ ಚೀಟಿ, ಬಾಡಿಗೆ ಕರಾರು ಎಲ್ಲವನ್ನೂ ಇವತ್ತೇ ನಿಮ್ಮ ಕೈವಶ ಮಾಡಿಕೊಳ್ಳಿ. ಎರಡೂ ಬದಿ ಸ್ಕ್ಯಾನ್ ಮಾಡಿ, ಗಂಡನಿಗೆ ಪಾಸ್‌ವರ್ಡ್ ತಿಳಿಯದ ಇಮೇಲ್‌ನಲ್ಲಿ ಇಡಿ. ಗಂಡನ ಬ್ಲೂ ಕಾರ್ಡಿನ ಪ್ರತಿಯೂ ಇರಲಿ, ಅದು ಚಾಲ್ತಿಯಲ್ಲಿತ್ತು ಎಂಬುದನ್ನು ಮುಂದೆ ನೀವು ತೋರಿಸಬೇಕಾಗಬಹುದು. ಪಾಸ್‌ಪೋರ್ಟ್ ಅವರ ಬಳಿ ಇದ್ದು ಕೊಡದಿದ್ದರೆ ಪೊಲೀಸರಿಗೆ ತಿಳಿಸಿ, ಆ ದೂರಿನ ಪ್ರತಿ ಹಿಡಿದು ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟ್‌ಗೆ ಹೋಗಿ. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇದೆಯೇ ನೋಡಿ. ಕಚೇರಿಯ ನಿರ್ಧಾರಗಳು ಹಳದಿ ಲಕೋಟೆಯಲ್ಲಿ ಬರುತ್ತವೆ, ಹಾಕಿದ ದಿನಾಂಕವನ್ನು ಅಂಚೆಯವರು ಅದರ ಮೇಲೆಯೇ ಬರೆದಿರುತ್ತಾರೆ, ಗಡುವು ಆ ದಿನದಿಂದ ಓಡಲಾರಂಭಿಸುತ್ತದೆ. ಲಕೋಟೆಯನ್ನು ಹರಿದು ಎಸೆಯದೆ ಪತ್ರದ ಜೊತೆಗೇ ಇಡಿ.

ಮೂರು ವರ್ಷ ತುಂಬಲಿಲ್ಲ ಎಂದಾದರೆ ದಾರಿ ಮುಚ್ಚಿತೆಂದಲ್ಲ. ನಿಮ್ಮ ವಿಷಯದಲ್ಲಂತೂ ಗಂಡನಿಗೆ ಅಂಟಿದ ಪರ್ಮಿಟ್ ಉಳಿಸಿಕೊಳ್ಳುವುದಕ್ಕಿಂತ ನಿಮ್ಮದೇ ಓದಿನ ಮೇಲೆ ನಿಂತ ಪರ್ಮಿಟ್ ಪಡೆಯುವುದೇ ಗಟ್ಟಿ ದಾರಿ ಎಂಬುದು ನನ್ನ ಅಭಿಪ್ರಾಯ. ಈಗಿನ ಕಾರ್ಡ್ ಚಾಲ್ತಿಯಲ್ಲಿರುವಾಗಲೇ, ದೇಶ ಬಿಡದೆ, ಇಲ್ಲಿಂದಲೇ ಅರ್ಜಿ ಹಾಕಬಹುದು. ಹದಿನಾಲ್ಕು ತಿಂಗಳಿದೆ ಎಂದು ನೆಮ್ಮದಿಯಾಗಬೇಡಿ. ಅದು ಮೊಟಕಾಗಬಹುದು ಎಂದುಕೊಂಡೇ ಕೆಲಸ ಹುಡುಕಿ. ಅನಾಬಿನ್ ಎಂಬ ಸರ್ಕಾರಿ ದತ್ತಾಂಶ ತಾಣದಲ್ಲಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಸೂಚಿಸುವ ಎಚ್ ಪ್ಲಸ್ ಗುರುತು ಇದೆಯೇ, ನಿಮ್ಮ ಪದವಿ ಅಲ್ಲಿ ನಮೂದಾಗಿದೆಯೇ ನೋಡಿ, ಎರಡರ ಮುದ್ರಿತ ಪ್ರತಿ ತೆಗೆದಿಡಿ. ಪದವಿ ಅಲ್ಲಿ ಇಲ್ಲದಿದ್ದರೆ ಬಾನ್‌ನಲ್ಲಿರುವ ವಿದೇಶಿ ಶಿಕ್ಷಣದ ಕೇಂದ್ರ ಕಚೇರಿಯಿಂದ ಮೌಲ್ಯಮಾಪನ ಪತ್ರ ತರಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಕೆಲಸ ಸಿಗುವವರೆಗೆ ಕಾಯದೆ ಈಗಲೇ ಹಾಕಿ.

ಬ್ಲೂ ಕಾರ್ಡ್‌ಗೆ 2025ರಲ್ಲಿ ವರ್ಷಕ್ಕೆ 48,300 ಯೂರೊ ಸಂಬಳ ಬೇಕಿತ್ತು. ಎಂಜಿನಿಯರಿಂಗ್, ಐಟಿಯಂಥ ಜನರ ಕೊರತೆಯಿರುವ ಕ್ಷೇತ್ರಗಳಿಗೆ ಮತ್ತು ಪದವಿ ಮುಗಿಸಿ ಮೂರು ವರ್ಷ ದಾಟದವರಿಗೆ 43,759.80 ಯೂರೊ. ಈ ಮಿತಿ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. ಅಷ್ಟು ಸಂಬಳ ಸಿಗದಿದ್ದರೆ ಕಲಂ 18ಬಿ ಇದೆ. 45 ವರ್ಷದೊಳಗಿನವರಿಗೆ ಅದರಲ್ಲಿ ನಿಗದಿತ ಕನಿಷ್ಠ ಸಂಬಳವಿಲ್ಲ, ಆ ಕೆಲಸಕ್ಕೆ ಆ ಊರಲ್ಲಿ ರೂಢಿಯಲ್ಲಿರುವ ಸಂಬಳ ಇದ್ದರೆ ಸಾಕು. 2023ರ ನವೆಂಬರ್‌ನ ತಿದ್ದುಪಡಿಯ ನಂತರ ಕೆಲಸ ನಿಮ್ಮ ಬಿ.ಇ. ವಿಷಯಕ್ಕೇ ಹೊಂದಬೇಕೆಂದೂ ಇಲ್ಲ, ಅರ್ಹ ವೃತ್ತಿಪರರ ಕೆಲಸವಾಗಿದ್ದರಾಯಿತು. ಕೆಲಸ ಸಿಗದಿದ್ದರೆ ಮೂರು ವರ್ಷದ ವೃತ್ತಿ ತರಬೇತಿ ಔಸ್‌ಬಿಲ್ಡುಂಗ್ ಅಥವಾ ಮಾಸ್ಟರ್ಸ್ ಓದು ಇವೆ. ಓದಿಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆಯಲ್ಲಿ) ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ ವರ್ಷಕ್ಕೆ 11,904 ಯೂರೊ ತೋರಿಸಬೇಕು.

ಮನೆಯಲ್ಲಿ ಹಿಂಸೆ ನಡೆದಿದ್ದರೆ ಮೂರು ವರ್ಷದ ಷರತ್ತೇ ಅನ್ವಯಿಸುವುದಿಲ್ಲ. ಕಲಂ 31(2) ಇದನ್ನು ವಿಶೇಷ ಸಂಕಷ್ಟ ಎಂದು ಪರಿಗಣಿಸುತ್ತದೆ. ನೀವು ಅಂಥದ್ದನ್ನು ಬರೆದಿಲ್ಲ, ಆದರೆ ಈ ಪ್ರಶ್ನೆ ಕೇಳುವ ಎಷ್ಟೋ ಮಂದಿ ಮೊದಲ ಸಲ ಅದನ್ನು ಬರೆಯುವುದಿಲ್ಲ. ಹೊಡೆತ ಮಾತ್ರ ಹಿಂಸೆಯಲ್ಲ. ಕೂಡಿಹಾಕುವುದು, ಪಾಸ್‌ಪೋರ್ಟ್ ಬಚ್ಚಿಡುವುದು, ಸತತವಾಗಿ ಬೆದರಿಸುವುದು, ಲೈಂಗಿಕ ಬಲವಂತ ಇವೂ ಹೌದು. ಕಚೇರಿ ಕೇಳುವುದು ಪುರಾವೆ: ವೈದ್ಯರ ವರದಿ, ಪೊಲೀಸರು ಬಂದ ದಿನದ ದಾಖಲೆ ಸಂಖ್ಯೆ, ಕೋರ್ಟಿನ ರಕ್ಷಣಾದೇಶ, ಮಹಿಳಾ ಆಶ್ರಯಧಾಮದ ಪತ್ರ, ವಾಟ್ಸಾಪ್ ಸಂದೇಶಗಳು. ಪೊಲೀಸರಿಗೆ ದೂರು ಕೊಡಲು ಮನಸ್ಸಿಲ್ಲದಿದ್ದರೂ ಅನೇಕ ಆಸ್ಪತ್ರೆಗಳು ಗಾಯದ ಗುರುತುಗಳನ್ನು ಗೋಪ್ಯವಾಗಿ ದಾಖಲಿಸಿ ಇಟ್ಟುಕೊಳ್ಳುತ್ತವೆ. 116 016 ಸಂಖ್ಯೆಯ ಸಹಾಯವಾಣಿ ದಿನದ 24 ಗಂಟೆಯೂ ಉಚಿತ, ದುಭಾಷಿಯ ನೆರವೂ ಸಿಗುತ್ತದೆ. ಹಿಂಸೆಯಿಂದಾಗಿ ಮನೆ ಬಿಟ್ಟರೆ, ಬಿಟ್ಟ ಕಾರಣವನ್ನು ಕಚೇರಿಗೆ ಮೊದಲ ಪತ್ರದಲ್ಲೇ ಬರೆಯಿರಿ. ಭಿನ್ನಾಭಿಪ್ರಾಯದಿಂದ ಬೇರೆಯಾದೆವು ಎಂದು ಮೊದಲು ಬರೆದು, ಆರು ತಿಂಗಳ ನಂತರ ಹಿಂಸೆಯ ಮಾತು ಎತ್ತಿದರೆ ಅನುಮಾನದಿಂದ ನೋಡುತ್ತಾರೆ.

ಹಣದ ವಿಚಾರದಲ್ಲಿ ಎರಡು ಮೂರು ಮಾತು, ಏಕೆಂದರೆ ವಾಸದ ಹಕ್ಕಿಗೂ ಅದಕ್ಕೂ ನಂಟಿದೆ. ಮೂರು ವರ್ಷ ತುಂಬಿ ಸಿಗುವ ಆ ಒಂದು ವರ್ಷದ ಪರ್ಮಿಟ್ಟಿಗೆ ಸರ್ಕಾರಿ ನೆರವು ಪಡೆಯುವುದು ಸಾಮಾನ್ಯವಾಗಿ ಅಡ್ಡಿಯಲ್ಲ. ಅದರ ಮುಂದಿನ ನವೀಕರಣಕ್ಕೆ ಸ್ವಂತ ಸಂಪಾದನೆ ತೋರಿಸಬೇಕು. ಮಿನಿಜಾಬ್ ಸಾಲದು. 2025ರಲ್ಲಿ ಅದರ ಮಿತಿ ತಿಂಗಳಿಗೆ 556 ಯೂರೊ ಇತ್ತು, ಅದರಿಂದ ಆರೋಗ್ಯ ವಿಮೆಯೂ ಸಿಗುವುದಿಲ್ಲ. ನೀವು ಸರ್ಕಾರಿ ವಿಮೆಯಲ್ಲಿ ಗಂಡನ ಕುಟುಂಬದವರಾಗಿ ಉಚಿತವಾಗಿ ಸೇರಿದ್ದರೆ, ಬೇರೆಯಾಗಿರುವ ಅವಧಿಯಲ್ಲಿ ಅದು ಮುಂದುವರಿಯುತ್ತದೆ. ವಿಚ್ಛೇದನ ಅಂತಿಮವಾದ ದಿನ ನಿಲ್ಲುತ್ತದೆ. ಅಷ್ಟರೊಳಗೆ ಮಿತಿ ಮೀರಿದ ಸಂಬಳದ ಕೆಲಸ ಹಿಡಿದರೆ ನಿಮ್ಮದೇ ವಿಮೆ ಬರುತ್ತದೆ, ಇಲ್ಲವಾದರೆ ಕಂತು ನೀವೇ ಕಟ್ಟಬೇಕು. ಮಿನಿಜಾಬ್‌ಗೆ ಸೇರುವಾಗ ಪೆನ್ಷನ್ ವಂತಿಗೆ ಬೇಡ ಎಂಬ ಫಾರ್ಮಿಗೆ ಸಹಿ ಹಾಕಿದ್ದೀರಾ ನೋಡಿ. ನಿಮ್ಮ ಪಾಲು ಶೇ. 3.6, 556 ಯೂರೊಗೆ ತಿಂಗಳಿಗೆ 20 ಯೂರೊ ಅಷ್ಟೇ. ಆ 20 ಯೂರೊ ಉಳಿಸಿದವರಿಗೆ ಮುಂದೆ ಕಾಯಂ ವಾಸಕ್ಕೆ ಬೇಕಾದ 60 ತಿಂಗಳ ವಂತಿಗೆಯಲ್ಲಿ ಆ ತಿಂಗಳುಗಳು ಸಿಗುವುದಿಲ್ಲ. ಬ್ಲೂ ಕಾರ್ಡ್ ಪಡೆದರೆ ಈ ಕಾಯುವಿಕೆ 27 ತಿಂಗಳಿಗೆ, ಬಿ1 ಎಂಬ ಮಧ್ಯಮ ಹಂತದ ಜರ್ಮನ್ ಭಾಷೆ ಬಂದರೆ 21 ತಿಂಗಳಿಗೆ ಇಳಿಯುತ್ತದೆ. ನಾನು ಓದಿನ ಪರ್ಮಿಟ್ ಕಡೆಗೇ ಒತ್ತುತ್ತಿರುವುದಕ್ಕೆ ಇದೂ ಒಂದು ಕಾರಣ.

ಬೇರೆಯಾಗಿರುವ ಅವಧಿಯಲ್ಲಿ ಗಂಡನಿಂದ ಜೀವನಾಂಶ ಕೇಳುವ ಹಕ್ಕೂ ನಿಮಗಿದೆ. ಅದು ಕೇಳಿದ ತಿಂಗಳಿಂದ ಸಿಗುತ್ತದೆಯೇ ಹೊರತು ಹಿಂದಿನ ತಿಂಗಳುಗಳಿಗಲ್ಲ, ಆದ್ದರಿಂದ ಬರವಣಿಗೆಯಲ್ಲಿ ಬೇಗ ಕೇಳಿ. ವಕೀಲರಿಗೆ ಹಣವಿಲ್ಲ ಎಂದು ಸುಮ್ಮನಿರಬೇಡಿ. ನಿಮ್ಮ ಪ್ರದೇಶದ ಆಮ್ಟ್ಸ್‌ಗೆರಿಖ್ಟ್ ಕೋರ್ಟಿನಲ್ಲಿ ಆದಾಯದ ದಾಖಲೆ ತೋರಿಸಿ ಬೆರಾಟುಂಗ್ಸ್‌ಶೈನ್ ಎಂಬ ಕಾನೂನು ಸಲಹೆಯ ಚೀಟಿ ಪಡೆದರೆ ವಕೀಲರ ಸಲಹೆ 15 ಯೂರೊಗೆ ಸಿಗುತ್ತದೆ. ಕೌಟುಂಬಿಕ ವಕೀಲರು ಎಲ್ಲರೂ ವಾಸದ ಕಾನೂನು ಬಲ್ಲವರಲ್ಲ. ವಲಸೆ ಕಾನೂನಿನ ಪರಿಣತರನ್ನೇ ಕೇಳಿ, ಕೋರ್ಟಿಗೆ ದಿನಾಂಕ ಹೋಗುವ ಮುಂಚೆಯೇ ಕೇಳಿ.

ಅರ್ಜಿ ಹಾಕುವ ಕ್ರಮ ಸರಳ. ಕಾರ್ಡಿನ ಅವಧಿ ಮುಗಿಯುವ ಮುನ್ನ, ಕಡೆಯ ದಿನದ ರಾತ್ರಿಯೊಳಗಾದರೂ, ಅರ್ಜಿ ಕಚೇರಿಗೆ ತಲುಪಿರಬೇಕು. ಅಪಾಯಿಂಟ್‌ಮೆಂಟ್ ಸಿಗಲಿಲ್ಲ ಎಂಬುದು ನೆಪವಾಗದು. ಆನ್‌ಲೈನ್ ಫಾರ್ಮಿನಲ್ಲಿ ಹಾಕಿ, ಸ್ವೀಕೃತಿಯ ಸ್ಕ್ರೀನ್‌ಶಾಟ್ ಇಡಿ. ಸಮಯಕ್ಕೆ ಹಾಕಿದ ಅರ್ಜಿ ತೀರ್ಮಾನವಾಗುವವರೆಗೆ ಹಳೆಯ ಹಕ್ಕುಗಳು, ಕೆಲಸದ ಹಕ್ಕೂ ಸೇರಿ, ಮುಂದುವರಿಯುತ್ತವೆ. ಅದಕ್ಕೆ ಕೊಡುವ ತಾತ್ಕಾಲಿಕ ಪತ್ರದ ಹೆಸರು ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್. ಅದರೊಳಗೆ ಕಲಂ 81ರ ಉಪಕಲಂ 4ರ ಎದುರು ಗುರುತು ಹಾಕಿದ್ದಾರೆಯೇ ನೋಡಿ. ಉಪಕಲಂ 3ರ ಎದುರು ಗುರುತಿದ್ದರೆ ಆ ಪತ್ರದ ಮೇಲೆ ಊರಿಗೆ ಹೋಗಿ ಮತ್ತೆ ಒಳಬರಲಾಗದು. ಅರ್ಜಿಯ ಜೊತೆ ಸಂಬಳದ ಚೀಟಿಗಳು, ಉದ್ಯೋಗದಾತರ ಪತ್ರ, ಬಾಡಿಗೆ ಕರಾರು, ವಿಮೆ ಪತ್ರ, ಒಟ್ಟಿಗಿದ್ದ ಅವಧಿಯ ಪುರಾವೆ ಮತ್ತು ಬೇರೆಯಾದ ದಿನಾಂಕವನ್ನು ಹೇಳುವ ಅರ್ಧ ಪುಟದ ಹೇಳಿಕೆ ಇರಲಿ. ನಿರಾಕರಣೆ ಬಂದರೆ ಪತ್ರದ ಕೊನೆಯಲ್ಲಿ ಮೇಲ್ಮನವಿಯ ದಾರಿ ಬರೆದಿರುತ್ತದೆ. ಗಡುವು ಸಾಮಾನ್ಯವಾಗಿ ಒಂದು ತಿಂಗಳು. ಬವೇರಿಯಾದಲ್ಲಿ ಇಂಥ ವಿಷಯಕ್ಕೆ ನೇರವಾಗಿ ಆಡಳಿತ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ. ನವೀಕರಣದ ನಿರಾಕರಣೆಯನ್ನು ಪ್ರಶ್ನಿಸಿದ ಮಾತ್ರಕ್ಕೆ ಅದು ತಡೆಯಾಗುವುದಿಲ್ಲ, ಪ್ರತ್ಯೇಕವಾಗಿ ತುರ್ತು ಅರ್ಜಿಯನ್ನೂ ಹಾಕಬೇಕು.

ಇದನ್ನು ಓದುವ ಬೇರೆಯವರ ಪರಿಸ್ಥಿತಿ ನಿಮ್ಮದರಂತೆ ಇರಲಿಕ್ಕಿಲ್ಲ. ಸಂಗಾತಿ ಜರ್ಮನ್ ಪ್ರಜೆಯಾಗಿದ್ದರೂ ಇದೇ ಮೂರು ವರ್ಷದ ನಿಯಮ. ಸಂಗಾತಿ ಫ್ರಾನ್ಸ್, ಇಟಲಿಯಂಥ ಬೇರೆ ಯುರೋಪಿಯನ್ ಒಕ್ಕೂಟದ ದೇಶದವರಾಗಿದ್ದರೆ ಲೆಕ್ಕವೇ ಬೇರೆ: ವಿಚ್ಛೇದನದ ಅರ್ಜಿ ಕೋರ್ಟು ಸೇರುವ ಹೊತ್ತಿಗೆ ಮದುವೆಗೆ ಮೂರು ವರ್ಷ ತುಂಬಿ, ಅದರಲ್ಲಿ ಒಂದು ವರ್ಷ ಜರ್ಮನಿಯಲ್ಲಿ ಕಳೆದಿದ್ದರೆ ಸಾಕು. ಜರ್ಮನ್ ಪೌರತ್ವದ ಮಗು ನಿಮ್ಮ ಪಾಲನೆಯಲ್ಲಿದ್ದರೆ ಆ ಮಗುವಿನ ತಾಯಿ ಅಥವಾ ತಂದೆ ಎಂಬ ಆಧಾರದಲ್ಲೇ ಪರ್ಮಿಟ್ ಸಿಗುತ್ತದೆ. 2024ರ ಜೂನ್ 27ರಿಂದ ಇಲ್ಲಿ ಹುಟ್ಟಿದ ಮಗುವಿಗೆ, ತಂದೆತಾಯಿಯರಲ್ಲಿ ಒಬ್ಬರು ಐದು ವರ್ಷ ಕಾನೂನುಬದ್ಧವಾಗಿ ಇಲ್ಲಿದ್ದು ಕಾಯಂ ವಾಸದ ಹಕ್ಕು ಪಡೆದಿದ್ದರೆ ಹುಟ್ಟಿನಿಂದಲೇ ಜರ್ಮನ್ ಪೌರತ್ವ ಬರುತ್ತದೆ. ಭಾರತೀಯ ದಂಪತಿಯ ಮಗು ಎಂದ ಮಾತ್ರಕ್ಕೆ ಅದು ಇಲ್ಲ ಎಂದುಕೊಳ್ಳದೆ ಜನನ ಪ್ರಮಾಣಪತ್ರ ನೋಂದಣಿ ಕಚೇರಿಯಲ್ಲಿ ವಿಚಾರಿಸಿ.

ಕೊನೆಗೆ ಭಾರತದ ಬದಿ. ಗಂಡ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆದರೆ, ಆ ಹೊತ್ತಿಗೆ ನೀವಿಬ್ಬರೂ ಭಾರತೀಯ ಪ್ರಜೆಗಳಾಗಿದ್ದಲ್ಲಿ ಅದಕ್ಕೆ ಇಲ್ಲಿನ ರಾಜ್ಯದ ನ್ಯಾಯಾಡಳಿತದ ಪ್ರತ್ಯೇಕ ಮಾನ್ಯತೆ ಬೇಕಿಲ್ಲ, ಇಲ್ಲವಾದರೆ ಅದು ಮಾನ್ಯ ಮಾಡಬೇಕು. ಆದರೆ ಜರ್ಮನ್ ಕೋರ್ಟಿನ ತೀರ್ಪು ಭಾರತದಲ್ಲಿ ಎಲ್ಲ ಸಂದರ್ಭದಲ್ಲೂ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟ್ 1991ರ ನರಸಿಂಹರಾವ್ ತೀರ್ಪಿನಲ್ಲಿ, ದಂಪತಿಯ ಮದುವೆಗೆ ಅನ್ವಯವಾಗುವ ಕಾನೂನಿನ ಆಧಾರ ಇರಬೇಕು, ಎದುರು ಪಕ್ಷ ಆ ಕೋರ್ಟಿನ ಅಧಿಕಾರಕ್ಕೆ ಸ್ವಇಚ್ಛೆಯಿಂದ ಒಳಪಟ್ಟಿರಬೇಕು ಅಥವಾ ವಿಚ್ಛೇದನಕ್ಕೆ ಒಪ್ಪಿರಬೇಕು ಎಂದು ಹೇಳಿದೆ. ಆದ್ದರಿಂದ ಇಲ್ಲಿ ವಿಚ್ಛೇದನ ನಡೆದರೆ ನೀವು ಹಾಜರಾಗಿ ಒಪ್ಪಿದ್ದು ಅಥವಾ ವಿರೋಧಿಸಿದ್ದು ಕಡತದಲ್ಲಿ ಸ್ಪಷ್ಟವಾಗಿ ದಾಖಲಾಗಲಿ. ಅಂತಿಮ ತೀರ್ಪಿನ ಮೇಲೆ ಅದು ಅಂತಿಮವಾಯಿತೆಂಬ ಮುದ್ರೆ ಹಾಕಿಸಿ, ಭಾರತದಲ್ಲಿ ಬಳಸಲು ಬೇಕಾದ ದೃಢೀಕರಣ ಯಾವುದೆಂದು ಕಾನ್ಸುಲೇಟ್‌ನಲ್ಲಿ ಕೇಳಿ ಮಾಡಿಸಿ, ಇಂಗ್ಲಿಷ್ ಅನುವಾದದೊಂದಿಗೆ ಎರಡು ಪ್ರತಿ ಇಟ್ಟುಕೊಳ್ಳಿ. ಪಾಸ್‌ಪೋರ್ಟ್‌ನಿಂದ ಗಂಡನ ಹೆಸರು ತೆಗೆಸಲು, ಮುಂದೆ ಊರಿನಲ್ಲಿ ಯಾವುದೇ ನೋಂದಣಿಗೆ ಹೋದಾಗಲೂ ಅದನ್ನು ಕೇಳುತ್ತಾರೆ.